ಎರಡು ಜೊತೆ ಕಡಗಗಳು: ಶ್ರೀರಂಗಪಟ್ಟಣದಿಂದ ನಮ್ಮ ಮನೆಯ ಟ್ರಂಕಿನವರೆಗೆ



ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವಳು. ಇತಿಹಾಸ ನನ್ನ ವಿಷಯವಲ್ಲ. ಆದರೆ ಒಂದು ದಿನ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ ಅವರ ತರಗತಿಗೆ ನಾನು ಹೋಗಬೇಕಾಯಿತು. ಅಂದಿನ ಪಾಠ ನಾಲ್ಕನೆಯ ಮೈಸೂರು ಯುದ್ಧ. ಓದಿ ಮುಗಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಟಿಪ್ಪು ಸುಲ್ತಾನರ ಮನೆಯವರ ಒಡವೆಗಳೆಲ್ಲಾ ಆಮೇಲೆ ಎಲ್ಲಿಗೆ ಹೋದವು?" ಎಂದು ಕೇಳಿದಳು. ಪುಸ್ತಕದಲ್ಲಿ ಕೋಟೆ ಬಿದ್ದ ದಿನಾಂಕವಿತ್ತು, ರಾಜ್ಯ ಹಂಚಿಕೆಯಾದ ವಿವರವಿತ್ತು. ಒಡವೆಗಳ ಮಾತಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದು ಅಂದು ಪಾರಾದೆ. ಆ ನಾಳೆಗಾಗಿ ಓದತೊಡಗಿದವಳಿಗೆ ಓದು ಹಲವು ತಿಂಗಳು ಹಿಡಿಯಿತು. ಅದರ ಫಲವನ್ನು ಈ ಸಂಚಿಕೆಯ ಮೂಲಕ ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಡವೆ ಎಂದರೆ ಹೆಂಗಸರ ವಿಷಯ, ಅದರಲ್ಲಿ ಇತಿಹಾಸವೇನಿದೆ ಎಂದು ಕೆಲವರು ಕೇಳಬಹುದು. ಹರಳು ಕೂಡಿಸಿದ ಒಂದು ಚಿನ್ನದ ಕಡಗವನ್ನು ಮುಂದಿಟ್ಟುಕೊಂಡು ನೋಡಿದರೆ ನಮ್ಮ ನಾಡಿನ ವ್ಯಾಪಾರ, ಕಸುಬು, ಭಾಷೆ, ಯುದ್ಧ ಎಲ್ಲವೂ ಅದರಲ್ಲಿ ಕಾಣುತ್ತವೆ. ಅದನ್ನೇ ತೋರಿಸಲು ಪ್ರಯತ್ನಿಸುತ್ತೇನೆ.

ಸೈನಿಕ, ವೈದ್ಯ ಮತ್ತು ಎರಡು ಜೊತೆ ಕಡಗ

1799ರ ಮೇ 4ರಂದು ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಜನರಲ್ ಹ್ಯಾರಿಸ್ ನೇತೃತ್ವದ ಬ್ರಿಟಿಷ್ ಸೈನ್ಯದ ಜೊತೆ ಹೈದರಾಬಾದಿನ ನಿಜಾಮರ ಸೈನ್ಯವೂ ಇತ್ತು. ಟಿಪ್ಪು ಸುಲ್ತಾನರು ಕೋಟೆಯ ಬಾಗಿಲ ಬಳಿ ಹೋರಾಡುತ್ತಾ ಮಡಿದರು. ಆ ರಾತ್ರಿ ಊರಿನಲ್ಲಿ ಲೂಟಿ ನಡೆಯಿತು. ಮರುದಿನ ಕೋಟೆಯ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ (ಮುಂದೆ ಇವರೇ ವೆಲಿಂಗ್ಟನ್ ಡ್ಯೂಕ್ ಎಂದು ಪ್ರಸಿದ್ಧರಾದರು) ಲೂಟಿಯನ್ನು ನಿಲ್ಲಿಸಲು ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಊರಿನಲ್ಲಿ ಲೂಟಿಯಾಗದ ಮನೆ ಇಲ್ಲವೆನ್ನುವಷ್ಟು ವಿರಳವೆಂದೂ, ಬಹು ಬೆಲೆಯ ಒಡವೆಗಳೂ ಚಿನ್ನದ ಗಟ್ಟಿಗಳೂ ಸೈನ್ಯದ ಸಂತೆಯಲ್ಲಿ ಮಾರಾಟಕ್ಕೆ ಬಂದಿವೆಯೆಂದೂ ಅವರೇ ತಮ್ಮ ಅಣ್ಣನಿಗೆ ಬರೆದರು.

ಆ ದಿನಗಳ ಒಂದು ಪ್ರಸಂಗ ಈ ಯುದ್ಧದ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕಗಳಲ್ಲಿ ಬರುತ್ತದೆ. ಮೀನ್ ಎಂಬ ಹೆಸರಿನ ಸೈನ್ಯದ ವೈದ್ಯರೊಬ್ಬರು ಒಬ್ಬ ಸೈನಿಕನಿಂದ ವಜ್ರ ಕೂಡಿಸಿದ ಎರಡು ಜೊತೆ ಕಡಗಗಳನ್ನು ಕೊಂಡರು. ಆಮೇಲೆ ಅವನ್ನು ಹೈದರಾಬಾದಿನ ಒಬ್ಬ ರತ್ನಪಡಿ ವ್ಯಾಪಾರಿಗೆ ತೋರಿಸಿದರು. ವ್ಯಾಪಾರಿ ಎರಡರಲ್ಲಿ ಕಡಿಮೆಯದೆನಿಸಿದ ಜೊತೆಗೆ ಎಂಬತ್ತು ಸಾವಿರ ವರಹ, ಅಂದರೆ ಆಗಿನ 32,000 ಪೌಂಡು, ಬೆಲೆ ಕಟ್ಟಿದನು. ಇನ್ನೊಂದು ಜೊತೆಯನ್ನು ನೋಡಿ, ಇದಕ್ಕೆ ಬೆಲೆ ಹೇಳುವ ಧೈರ್ಯ ನನಗಿಲ್ಲ ಎಂದುಬಿಟ್ಟನು.

ಗಣಿತ ಇಷ್ಟಪಡುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ. ಒಂದು ವರಹದ ನಾಣ್ಯದ ತೂಕ ಸುಮಾರು 3.4 ಗ್ರಾಂ. ಎಂಬತ್ತು ಸಾವಿರ ವರಹಗಳ ತೂಕ ಸುಮಾರು 272 ಕಿಲೋ ಆಗುತ್ತದೆ. ನಮ್ಮ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಚೀಲ ತೂಗುವ ಕಾಟಾದ ಮೇಲೆ ಚಿನ್ನದ ನಾಣ್ಯಗಳನ್ನು ಇಟ್ಟು ತೂಗಿದಂತೆ ಊಹಿಸಿಕೊಳ್ಳಿ. ಅಷ್ಟು ನಾಣ್ಯ ಒಂದು ಜೊತೆ ಕಡಗಕ್ಕೆ, ಅದೂ ಕಡಿಮೆ ಬೆಲೆಯ ಜೊತೆಗೆ!

ಅದೇ ಸಂಜೆಯ ಇನ್ನೊಂದು ವಿವರವನ್ನು ಇದರ ಪಕ್ಕದಲ್ಲಿಡಬೇಕು. ಕತ್ತಲಾದ ಮೇಲೆ ಹೆಣಗಳ ರಾಶಿಯಲ್ಲಿ ಸುಲ್ತಾನರ ದೇಹವನ್ನು ಹುಡುಕಿದವರಲ್ಲಿ ಮೇಜರ್ ಆಲನ್ ಎಂಬ ಅಧಿಕಾರಿ ಇದ್ದರು. ಅವರು ತಾವು ಕಂಡದ್ದನ್ನು ಬರೆದಿಟ್ಟಿದ್ದಾರೆ: ಬಿಳಿಯ ನೂಲಿನ ಅಂಗಿ, ಸೊಂಟಕ್ಕೆ ಕೆಂಪು ವಸ್ತ್ರ, ತಲೆಯ ಪೇಟ ಬಿದ್ದುಹೋಗಿತ್ತು, ತೋಳಿನಲ್ಲಿ ಒಂದು ತಾಯಿತ ಇತ್ತು, ಬೇರೆ ಒಡವೆ ಯಾವುದೂ ಇರಲಿಲ್ಲ. ಊರಿನೊಳಗಿಂದ ವಜ್ರದ ಕಡಗಗಳು ಸೈನಿಕರ ಜೇಬು ಸೇರುತ್ತಿದ್ದ ಹೊತ್ತಿನಲ್ಲಿ ಆ ಊರಿನ ಒಡೆಯನ ತೋಳಿನ ಮೇಲೆ ಇದ್ದದ್ದು ಒಂದು ತಾಯಿತ ಮಾತ್ರ.

ಕಡಗಗಳ ಪ್ರಸಂಗವನ್ನು ನಾನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಕೊಂಡವರ ಹೆಸರಿದೆ, ಬೆಲೆಯಿದೆ. ಮಾಡಿದ ಅಕ್ಕಸಾಲಿಗನ ಹೆಸರಿಲ್ಲ. ತೊಟ್ಟಿದ್ದ ಹೆಣ್ಣುಮಗಳ ಹೆಸರೂ ಇಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಲೇಖನದ ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರಬೇಕಾಗಿದೆ.

ಕಡಗ ಮತ್ತು ಕಡಾ

ಮನೆಯಲ್ಲಿ ನಾವು 'ಕಡಾ' ಎನ್ನುತ್ತೇವೆ. ಶಾಲೆಯಲ್ಲಿ 'ಕಡಗ' ಎಂದು ಬರೆಯುತ್ತೇವೆ. ಎರಡು ಭಾಷೆ ಕಲಿಸುವವಳಾಗಿ ನನಗೆ ಸಂತೋಷ ಕೊಡುವ ಸಂಗತಿಯೆಂದರೆ ಇವೆರಡೂ ಒಂದೇ ಮನೆಯ ಮಕ್ಕಳು. ಸಂಸ್ಕೃತದ 'ಕಟಕ' ಎಂಬ ಶಬ್ದ ಒಂದು ದಾರಿಯಲ್ಲಿ ಬಂದು ಕನ್ನಡದ ಕಡಗವಾಯಿತು, ಪ್ರಾಕೃತದ ದಾರಿಯಲ್ಲಿ ಬಂದು ಉರ್ದುವಿನ ಕಡಾ ಆಯಿತು. ತೋಳಿಗೆ ಕಟ್ಟುವ ಒಡವೆಗೆ ಕನ್ನಡದಲ್ಲಿ ತೋಳಬಂದಿ, ಉರ್ದುವಿನಲ್ಲಿ ಬಾಜೂಬಂದ್. ಫಾರಸಿಯಲ್ಲಿ 'ಬಾಜೂ' ಎಂದರೆ ತೋಳು, 'ಬಂದ್' ಎಂದರೆ ಕಟ್ಟು. ಅರ್ಥ ಅದೇ. ನಾವು ಚಿನ್ನದ ಅಂಗಡಿಯವರಿಗೆ 'ಸರಾಫ' ಎನ್ನುತ್ತೇವಲ್ಲ, ಅದು ಹಣ ಬದಲಾಯಿಸುವವನು ಎಂಬ ಅರ್ಥದ ಅರಬ್ಬಿ ಶಬ್ದ. ನಮ್ಮ ಭಾಗದ ಹೆಂಗಸರು ಪಾಟ್ಲಿ, ಬಿಲ್ವಾರ, ತೋಡೆ ಎಂದು ಕೈಯ ಒಡವೆಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಾರೆ. ಈ ಹೆಸರುಗಳಿಗೆ ಜಾತಿ ಧರ್ಮದ ಬೇಲಿ ಇಲ್ಲ.

ಇನ್ನು ನಮ್ಮ ಪಕ್ಕದ ಮುಧೋಳವನ್ನೇ ನೋಡಿ. ಹತ್ತನೆಯ ಶತಮಾನದ ಮಹಾಕವಿ ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ ಇಲ್ಲಿಯೇ, ಬಳೆಗಾರರ ಮನೆಯಲ್ಲಿ. 'ರನ್ನ' ಎಂದರೆ ರತ್ನ. ಬಳೆ ಮಾರುವವರ ಮನೆಯಲ್ಲಿ ರತ್ನವೆಂಬ ಹೆಸರಿನ ಮಗು ಹುಟ್ಟಿ, ವಿದ್ಯೆಯಿಂದ ಚಾಲುಕ್ಯ ಚಕ್ರವರ್ತಿ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡನು. ಅವನಿಗೆ ಆಸರೆಯಾಗಿ ನಿಂತ ಅತ್ತಿಮಬ್ಬೆಯು ದಾನಚಿಂತಾಮಣಿ ಎಂದು ಹೆಸರಾದವಳು. 'ಚಿಂತಾಮಣಿ' ಎಂದರೂ ಒಂದು ರತ್ನವೇ. ವಿದ್ಯಾರ್ಥಿಗಳೇ, ನಿಮ್ಮ ತಂದೆ ಏನು ಮಾರುತ್ತಾರೆ ಎಂದು ಯಾರಾದರೂ ಹಗುರವಾಗಿ ಕೇಳಿದರೆ ಮುಧೋಳದ ಬಳೆಗಾರರ ಮನೆಯ ಹುಡುಗನನ್ನು ನೆನೆಯಿರಿ.

ಹಂಪೆಯ ಬಜಾರು, ವಿಜಾಪುರದ ಅಂಗಡಿ

ನಮ್ಮ ನಾಡಿನಲ್ಲಿ ಹರಳಿನ ಒಡವೆ ಎಷ್ಟು ಸಾಮಾನ್ಯವಾಗಿತ್ತು ಎಂಬುದಕ್ಕೆ ಹೊರಗಿನಿಂದ ಬಂದವರೇ ಸಾಕ್ಷಿ. 1443ರಲ್ಲಿ ತೈಮೂರಿ ದೊರೆ ಶಾಹರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಫಾರಸಿಯಲ್ಲಿ ತನ್ನ ಪ್ರವಾಸವನ್ನು ಬರೆದಿಟ್ಟಿದ್ದಾನೆ. ಅಲ್ಲಿ ಮಾಣಿಕ್ಯ, ಮುತ್ತು, ಪಚ್ಚೆ, ವಜ್ರಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದರೆಂದೂ, ದೊಡ್ಡವರು ಮಾತ್ರವಲ್ಲ, ಬಜಾರಿನ ಕಸುಬುದಾರರು ಸಹ ಕಿವಿ, ಕೊರಳು, ತೋಳು, ಮಣಿಕಟ್ಟು, ಬೆರಳುಗಳಿಗೆ ಒಡವೆ ಹಾಕಿಕೊಳ್ಳುತ್ತಿದ್ದರೆಂದೂ ಅವನು ಹೇಳುತ್ತಾನೆ. ಸುಮಾರು 1520ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಮಹಾನವಮಿಯ ಉತ್ಸವವನ್ನು ಕಂಡನು. ಅರಮನೆಯ ಸ್ತ್ರೀಯರು ರತ್ನಖಚಿತ ಕಡಗ, ತೋಳಬಂದಿ, ನಡುಪಟ್ಟಿಗಳನ್ನು ಎಷ್ಟು ತೊಟ್ಟಿದ್ದರೆಂದರೆ ಆ ಭಾರಕ್ಕೆ ಕೆಲವರನ್ನು ಪಕ್ಕದವರು ಆತು ಹಿಡಿದು ನಡೆಸಬೇಕಾಗಿತ್ತು ಎಂದು ಅವನು ಬರೆದಿದ್ದಾನೆ.

ಮುಂದೆ ನಮ್ಮ ವಿಜಾಪುರದ ಕಾಲ. ಎರಡನೆಯ ಇಬ್ರಾಹಿಂ ಆದಿಲ್ ಶಾಹ (1580–1627) ಸಂಗೀತಪ್ರಿಯನಾದ ದೊರೆ, 'ಕಿತಾಬ್-ಎ-ನವರಸ್' ಎಂಬ ಗೀತಗ್ರಂಥದ ಕರ್ತೃ. ಅವನ ಕಾಲದಲ್ಲಿ ಅಕ್ಬರ ಬಾದಶಹನು ತನ್ನ ಮಗ ದಾನಿಯಾಲನಿಗೆ ವಿಜಾಪುರದ ರಾಜಕುಮಾರಿಯನ್ನು ಕರೆತರಲು ಅಸದ್ ಬೇಗ್ ಎಂಬ ರಾಯಭಾರಿಯನ್ನು ಕಳಿಸಿದನು. 1604ರ ಸುಮಾರಿನ ಮಾತು. ದೆಹಲಿ ಆಗ್ರಾ ಕಂಡಿದ್ದ ಆ ಮನುಷ್ಯ ವಿಜಾಪುರದ ಬಜಾರನ್ನು ನೋಡಿ ಬೆರಗಾದನು. ರತ್ನದ ಅಂಗಡಿಗಳಲ್ಲಿ ಹರಳು ಕೂಡಿಸಿದ ಕಠಾರಿ, ಚಾಕು, ಕನ್ನಡಿ, ಹಾರಗಳಲ್ಲದೆ ಗಿಳಿ, ಪಾರಿವಾಳ, ನವಿಲುಗಳ ಆಕಾರದ ರತ್ನಖಚಿತ ವಸ್ತುಗಳನ್ನು ಒಂದರ ಮೇಲೊಂದು ಹಲಗೆಗಳಲ್ಲಿ ಜೋಡಿಸಿಟ್ಟಿದ್ದರೆಂದು ಬರೆದನು. ಹಿಂದಿರುಗುವಾಗ ಅವನು ತಂಬಾಕನ್ನೂ ರತ್ನ ಕೂಡಿಸಿದ ಕೊಳವೆಯನ್ನೂ ಒಯ್ದು ಅಕ್ಬರನಿಗೆ ಒಪ್ಪಿಸಿದ ಕಥೆ ಪ್ರಸಿದ್ಧವಾಗಿದೆ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ವಿಜಾಪುರ ಸೋತ ಮೇಲೆ ಆ ಅಂಗಡಿಗಳ ವೈಭವ ಇಳಿಯಿತು.

ಒಂದು ಕಡಗದೊಳಗೆ ಎಷ್ಟು ದೇಶ?

ಆ ಕಾಲದ ಒಂದು ಕಡಗವನ್ನು ಕೈಯಲ್ಲಿ ಹಿಡಿದಿದ್ದೇವೆ ಎಂದುಕೊಳ್ಳೋಣ. ಪೂರ್ತಿ ಸುತ್ತು ಬಾರದೆ ಒಂದು ಕಡೆ ಬಾಯಿ ತೆರೆದಿರುವುದು ಇದರ ರೂಪ. ತೆರೆದ ಎರಡು ತುದಿಗಳಲ್ಲಿ ಆನೆ, ಹುಲಿ ಅಥವಾ ಮಕರದ ಮುಖಗಳು ಎದುರುಬದುರಾಗಿ ಇರುತ್ತವೆ. ಮೇಲ್ಭಾಗದಲ್ಲಿ ಹರಳುಗಳು, ಒಳಭಾಗದಲ್ಲಿ ಮೀನಾ ಬಣ್ಣದ ಹೂಬಳ್ಳಿ. ಕುವೈತಿನ ಅಲ್ ಸಬಾಹ್ ಸಂಗ್ರಹದ ಭಾರತೀಯ ಒಡವೆಗಳನ್ನು 2001ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಪ್ರದರ್ಶಿಸಿದಾಗ ಜಗತ್ತು ಈ ಕಸುಬಿನ ಹಿರಿಮೆಯನ್ನು ಕಂಡಿತು. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖ್ಖನಿನ ಸುಲ್ತಾನರ ಕಲೆಗಾಗಿಯೇ ಒಂದು ದೊಡ್ಡ ಪ್ರದರ್ಶನ ನಡೆಸಿತು.

ಈ ಹರಳುಗಳು ಎಲ್ಲಿಯವು? ವಜ್ರ ನಮ್ಮ ದಖ್ಖನಿನದು. 1720ರ ದಶಕದಲ್ಲಿ ಬ್ರೆಜಿಲಿನಲ್ಲಿ ವಜ್ರ ಸಿಗುವವರೆಗೆ ಜಗತ್ತಿನ ಬಹುಪಾಲು ವಜ್ರ ಭಾರತದಿಂದಲೇ ಹೋಗುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ಟ್ಯಾವರ್ನಿಯರ್ ಕಂಡ ಗಣಿಗಳಲ್ಲಿ ಒಂದು ರಾವಲಕೊಂಡ. ಅದು ಗೋಲ್ಕೊಂಡದಿಂದ ಐದು ದಿನ, ವಿಜಾಪುರದಿಂದ ಎಂಟೊಂಬತ್ತು ದಿನದ ದಾರಿ ಎಂದು ಅವನು ಹೇಳುತ್ತಾನೆ. ಕರ್ನೂಲು ಬಳಿಯ ರಾಮಳ್ಳಕೋಟೆಯೇ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಾಣಿಕ್ಯ ಬರ್ಮಾದಿಂದ, ಲಾಲ್ ಎಂಬ ಕೆಂಪು ಹರಳು ಬದಖ್ಶಾನದಿಂದ, ಮುತ್ತು ಅರಬ್ ಕೊಲ್ಲಿಯಿಂದಲೂ ಸಿಂಹಳದ ಕಡಲಿನಿಂದಲೂ ಬರುತ್ತಿದ್ದವು. ದೊಡ್ಡ ಪಚ್ಚೆಗಳ ಕಥೆ ಇನ್ನೂ ದೂರದ್ದು. ಅವು ದಕ್ಷಿಣ ಅಮೆರಿಕದ ಕೊಲಂಬಿಯಾದ ಗಣಿಗಳಿಂದ ಸ್ಪೇನ್ ಪೋರ್ಚುಗಲ್ಲಿನ ವ್ಯಾಪಾರಿಗಳ ಕೈದಾಟಿ ಗೋವಾ ಬಂದರಿಗೆ ಬರುತ್ತಿದ್ದವು. ಹೀಗೆ ನಾಲ್ಕು ದಿಕ್ಕಿನ ಕಲ್ಲುಗಳು ನಮ್ಮ ನಾಡಿನ ಒಬ್ಬ ಅಕ್ಕಸಾಲಿಗನ ಮಣೆಯ ಮೇಲೆ ಕೂಡುತ್ತಿದ್ದವು.

ಅವನು ಅವನ್ನು ಹೇಗೆ ಕೂಡಿಸುತ್ತಿದ್ದನು ಎಂಬುದು ತಿಳಿಯಬೇಕಾದ ವಿಷಯ. ಇಂದಿನ ಅಂಗಡಿಯ ಉಂಗುರದಲ್ಲಿ ಹರಳನ್ನು ಚಿನ್ನದ ಸಣ್ಣ ಉಗುರುಗಳು ಹಿಡಿದಿರುತ್ತವೆ. ಹಳೆಯ ಕಡಗದಲ್ಲಿ ಉಗುರಿಲ್ಲ. ಆ ಪದ್ಧತಿಗೆ ಕುಂದಣ ಅಥವಾ ಕುಂದನ್ ಎಂದು ಹೆಸರು. ಮೊದಲು ಚಿನ್ನದ ತಗಡಿನಿಂದ ಟೊಳ್ಳಾದ ಕಡಗ ಮಾಡಿ ಒಳಗೆ ಅರಗು ತುಂಬುತ್ತಾರೆ. ಹರಳು ಕೂರುವ ಗುಳಿಯಲ್ಲಿ ತೆಳುವಾದ ಬೆಳ್ಳಿಯ ರೇಕು ಹಾಸುತ್ತಾರೆ. ಹರಳಿನ ಮೂಲಕ ಬಂದ ಬೆಳಕು ಈ ರೇಕಿಗೆ ಬಡಿದು ಹಿಂದಿರುಗುವುದರಿಂದ ಹರಳು ಹೊಳೆಯುತ್ತದೆ. ಆಮೇಲೆ ಪುಟವಿಟ್ಟು ಅಪರಂಜಿ ಮಾಡಿದ ಚಿನ್ನವನ್ನು ಎಳೆಯಂತೆ ತೆಳುವಾಗಿ ಬಡಿದು, ಹರಳಿನ ಸುತ್ತ ಉಕ್ಕಿನ ಸಲಾಕೆಯಿಂದ ಒತ್ತುತ್ತಾ ಹೋಗುತ್ತಾರೆ. ಅಷ್ಟು ಶುದ್ಧವಾದ ಚಿನ್ನ ಬೆಂಕಿಯಿಲ್ಲದೆ, ಬೆಸುಗೆಯಿಲ್ಲದೆ, ಒತ್ತಿದರೆ ಸಾಕು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೆಂಕಿ ತಾಕದ ಕಾರಣ ಹರಳಿಗೂ ಅರಗಿಗೂ ಅಪಾಯವಿಲ್ಲ.

ಒಳಬದಿಯ ಮೀನಾ ಕೆಲಸ ಇದಕ್ಕಿಂತ ಮೊದಲೇ ಮುಗಿದಿರಬೇಕು. ಗಾಜಿನ ಪುಡಿಯ ಬಣ್ಣಗಳನ್ನು ಒಂದೊಂದಾಗಿ ತುಂಬಿ ಕುಲುಮೆಯಲ್ಲಿ ಕಾಯಿಸುತ್ತಾರೆ. ಹೆಚ್ಚು ಬಿಸಿ ತಾಳುವ ಬಣ್ಣ ಮೊದಲು, ಕಡಿಮೆ ತಾಳುವ ಕೆಂಪು ಕೊನೆಗೆ. ಚಿತ್ರ ಬರೆಯುವವನು, ಚಿನ್ನದ ರೂಪ ಕೊಡುವವನು, ಮೀನಾಗಾರ, ಹರಳು ಕೂಡಿಸುವವನು ಹೀಗೆ ಒಂದು ಕಡಗಕ್ಕೆ ನಾಲ್ಕೈದು ಕಸುಬುದಾರರ ಕೈ ತಾಗುತ್ತಿತ್ತು. ಅವರಲ್ಲಿ ಹಿಂದೂಗಳಿದ್ದರು, ಮುಸಲ್ಮಾನರಿದ್ದರು. ಅಬುಲ್ ಫಜಲನು 'ಆಯಿನೆ ಅಕ್ಬರಿ'ಯಲ್ಲಿ ಇಂತಹ ಕಸುಬುಗಳನ್ನು ಬೇರೆಬೇರೆಯಾಗಿ ಹೆಸರಿಸಿದ್ದಾನೆ.

ನಾನಿಯ ಕಡಾ

ಇದನ್ನು ಓದುವಾಗ ನನಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ಅದು ಪುಸ್ತಕದ್ದಲ್ಲ, ನಮ್ಮ ಮನೆಯದು.

ನಮ್ಮ ನಾನಿಯ ಹತ್ತಿರ ಒಂದು ಕಡಾ ಇತ್ತು. ಮೊದಲು ಜೊತೆಯಿತ್ತಂತೆ. ಒಂದನ್ನು ಮಾಮು ಮಗ್ಗ ಹಾಕುವಾಗ ಮಾರಿದ್ದರು. ಉಳಿದ ಒಂದು ತೆಳ್ಳಗಿನದು, ಬಾಯಿ ತೆರೆದದ್ದು, ತುದಿಗಳಲ್ಲಿ ಸವೆದುಹೋದ ಆನೆಮುಖ, ನಡುವೆ ಕೆಂಪು ಮತ್ತು ಹಸಿರು ಹರಳು. ಈದಿನ ದಿನ ಮಾತ್ರ ಅದು ಟ್ರಂಕಿನಿಂದ ಹೊರಬರುತ್ತಿತ್ತು. 2012ರಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತು. ಮನೆಯಲ್ಲಿ ಫೀಸಿಗೆ ಹಣವಿರಲಿಲ್ಲ. ಅಬ್ಬಾ ಮುಂದಿನ ವರ್ಷ ನೋಡೋಣ ಎಂದರು. ನಾನಿ ಒಳಗೆ ಹೋಗಿ ಕಡಾ ತಂದು ಅಮ್ಮನ ಕೈಗಿಟ್ಟರು. ಅಮ್ಮ ಬೇಡವೆಂದು ಅತ್ತರು. "ಇದು ನನ್ನ ಮಹರಿನಲ್ಲಿ ಬಂದದ್ದು. ನನ್ನದು. ಕೊಡುವವಳೂ ನಾನೇ" ಎಂದು ನಾನಿ ಹೇಳಿದರು. ಮಹರು ಹೆಣ್ಣುಮಗಳ ಸ್ವಂತ ಸ್ವತ್ತು, ಅದರ ಮೇಲೆ ಗಂಡನಿಗಾಗಲಿ ತವರಿಗಾಗಲಿ ಅಧಿಕಾರವಿಲ್ಲ ಎಂಬ ಮಾತನ್ನು ನಾನು ಆಮೇಲೆ ಪುಸ್ತಕದಲ್ಲಿ ಓದಿದೆ. ಅಕ್ಷರ ಬಾರದ ನಾನಿ ಅದನ್ನು ಅಂದೇ ಮಾಡಿ ತೋರಿಸಿದ್ದರು.

ಅಮ್ಮ ಮತ್ತು ನಾನು ಒಂದು ಅಂಗಡಿಗೆ ಹೋದೆವು. ಅವರು ಮೊದಲು ಇಡಿಯಾಗಿ ತೂಗಿದರು, 28 ಗ್ರಾಂ ಇತ್ತು. ನಮ್ಮ ಮನಸ್ಸಿನಲ್ಲಿ ಲೆಕ್ಕ ಶುರುವಾಯಿತು. ಆಮೇಲೆ ಅವರು ಹರಳುಗಳನ್ನು ಚಿಮುಟದಿಂದ ಕಿತ್ತು, ಕಡಾವನ್ನು ಬೆಂಕಿಗೆ ಹಿಡಿದರು. ಒಳಗಿನ ಅರಗು ಕರಗಿ ಹೊಗೆಯೆದ್ದಿತು. ಉಳಿದದ್ದನ್ನು ಮೂಸೆಗೆ ಹಾಕಿ ಕರಗಿಸಿ ತೂಗಿದಾಗ 19 ಗ್ರಾಂ. ನಮಗೆ ಮೋಸವಾಯಿತೆಂದು ಅಮ್ಮನಿಗೆ ಅನುಮಾನ. ಹಳೆಯ ಕಡಾ ಟೊಳ್ಳು, ಒಳಗೆ ಅರಗಿರುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ಕಿತ್ತ ಹರಳುಗಳನ್ನು ಕಾಗದದಲ್ಲಿ ಕಟ್ಟಿ ಹಿಂದಕ್ಕೆ ಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ ಅವು ಮಂಕಾಗಿದ್ದವು. ಹರಳನ್ನೇ ಬದಲಾಯಿಸಿದ್ದಾರೆ ಎಂದುಕೊಂಡೆವು. ಬೆಳ್ಳಿಯ ರೇಕು ಹೋದರೆ ಕುಂದಣದ ಹರಳು ಹೀಗೆ ಮಂಕಾಗುವುದೇ ಸಹಜವೆಂದು ಈ ಲೇಖನಕ್ಕಾಗಿ ಓದುವವರೆಗೆ ನನಗೆ ತಿಳಿದಿರಲಿಲ್ಲ. ಅಷ್ಟು ವರ್ಷ ಒಬ್ಬ ಕಸುಬುದಾರನ ಮೇಲೆ ಮನಸ್ಸಿನಲ್ಲಿಯೇ ಆರೋಪ ಹೊರಿಸಿಕೊಂಡು ಬಂದಿದ್ದೆ.

ನಾನು ಬಿ.ಎಡ್. ಮುಗಿಸಿ ಶಿಕ್ಷಕಿಯಾದೆ. ಕಡಾ ಮಾರಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಾನಿಗೂ ಇರಲಿಲ್ಲ. ಆದರೆ ಒಂದು ನೋವು ಇದೆ. ಆ ಕಡಾದ ಒಂದು ಫೋಟೊ ನಮ್ಮ ಬಳಿ ಇಲ್ಲ. ಅದನ್ನು ಯಾವ ಊರಿನ ಪತ್ತಾರರು ಮಾಡಿದ್ದರು, ನಾನಿಯ ಅತ್ತೆಗೆ ಅದು ಯಾರಿಂದ ಬಂದಿತ್ತು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳೋಣವೆಂದರೆ ನಾನಿ ಇಲ್ಲ. ನಮ್ಮ ಕೈಯಲ್ಲಿ ಉಳಿದಿರುವುದು ಒಂದು ರಸೀದಿ. ಅದರಲ್ಲಿ ತೂಕವಿದೆ, ದರವಿದೆ, ಮೊತ್ತವಿದೆ. ಮಾಡಿದವರ ಹೆಸರಿಲ್ಲ, ತೊಟ್ಟವರ ಹೆಸರಿಲ್ಲ. ಶ್ರೀರಂಗಪಟ್ಟಣದ ಎರಡು ಜೊತೆ ಕಡಗಗಳ ಬಗ್ಗೆ ನಾನು ಬರೆದ ಮಾತು ನೆನಪಾಯಿತೇ? ಅಲ್ಲಿ ಲೂಟಿ, ಇಲ್ಲಿ ನಾವೇ ಒಪ್ಪಿ ಮಾಡಿದ ವ್ಯಾಪಾರ. ಆದರೆ ಬರೆದಿಡದೆ ಹೋದದ್ದು ಎರಡು ಕಡೆಯೂ ಒಂದೇ.

ಪಟ್ಟಿಯಿದ್ದದ್ದು ಉಳಿಯಿತು

ಶ್ರೀರಂಗಪಟ್ಟಣದ ಸಂಪತ್ತಿನಲ್ಲಿ ಮುಂದೆ ಏನೇನಾಯಿತು ನೋಡಿ. ಸುಲ್ತಾನರ ಸಿಂಹಾಸನ ಮರದ್ದು, ಮೇಲೆ ಚಿನ್ನದ ತಗಡು. ಗೆಲುವಿನ ಪಾಲು ಹಂಚುವ ಸಮಿತಿಯವರು ಅದನ್ನು ಒಡೆದು ತುಂಡು ಮಾಡಿದರು. ದೊಡ್ಡ ಹುಲಿಮುಖವೂ ರತ್ನಖಚಿತ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹ ಸೇರಿದವು. ಕಟಕಟೆಯ ಮೇಲಿದ್ದ ಸಣ್ಣ ಹುಲಿಮುಖಗಳು ಚದುರಿದವು. ಅಂತಹ ಒಂದು ಹುಲಿಮುಖ ದೇಶ ಬಿಟ್ಟು ಹೋಗದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರವೇ ತಾತ್ಕಾಲಿಕ ತಡೆ ಹಾಕಿತು. ಆಗ ಅದರ ಬೆಲೆ 15 ಲಕ್ಷ ಪೌಂಡು ಎಂದು ಹೇಳಲಾಯಿತು. ಅದು ಎಲ್ಲಿಯದು ಎಂಬುದು ಗೊತ್ತಿರುವುದರಿಂದಲೇ ಆ ಬೆಲೆ. ಕರಗಿಸಿದ್ದರೆ ಅದು ಕೆಲವು ತೊಲೆ ಚಿನ್ನ ಮಾತ್ರ.

ಸುಲ್ತಾನರ ಗ್ರಂಥಾಲಯದಲ್ಲಿ ಸುಮಾರು ಎರಡು ಸಾವಿರ ಗ್ರಂಥಗಳಿದ್ದವು. ಅವೂ ಕಲ್ಕತ್ತೆಗೆ, ಲಂಡನ್ನಿಗೆ ಹೋದವು. ಆದರೆ ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸನು ಅವುಗಳ ವಿವರವಾದ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದನು. ಹಾಗಾಗಿ ಸುಲ್ತಾನರು ಯಾವ ಯಾವ ವಿಷಯದ ಪುಸ್ತಕಗಳನ್ನು ಇಟ್ಟುಕೊಂಡಿದ್ದರು ಎಂಬುದು ಇಂದಿಗೂ ನಮಗೆ ತಿಳಿಯುತ್ತದೆ. ಲೂಟಿಯ ಕಡಗಗಳಿಗೆ ಆ ಭಾಗ್ಯ ಇರಲಿಲ್ಲ.

ನಮ್ಮ ದೇಶದಲ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆಯೂ ಇದೆ. ಕಲಬುರಗಿ, ಬೀದರ, ರಾಯಚೂರು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ನಿಜಾಮರ 173 ಒಡವೆಗಳನ್ನು ಭಾರತ ಸರ್ಕಾರ 1995ರಲ್ಲಿ ಸುಮಾರು 218 ಕೋಟಿ ರೂಪಾಯಿಗೆ ಕೊಂಡಿತು. 184.75 ಕ್ಯಾರೆಟ್ಟಿನ ಜೇಕಬ್ ವಜ್ರವೂ ಅದರಲ್ಲಿ ಸೇರಿದೆ. ಅವು ಈಗ ರಾಷ್ಟ್ರದ ಆಸ್ತಿ. ಮತ್ತೊಂದು ಕಡೆ, 2019ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ಭಾರತೀಯ ಒಡವೆ ಮತ್ತು ಕಲಾವಸ್ತುಗಳ ಒಂದು ಖಾಸಗಿ ಸಂಗ್ರಹದ ಹರಾಜು ನಡೆದು ಒಂದೇ ದಿನದಲ್ಲಿ ಸುಮಾರು 10 ಕೋಟಿ 90 ಲಕ್ಷ ಡಾಲರ್ ಬಂದಿತು. ಇಂತಹ ಹರಾಜುಗಳಲ್ಲಿ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ತೂಕವಲ್ಲ. ಇದು ಯಾರದು, ಯಾರಿಂದ ಯಾರಿಗೆ ಬಂತು, ದಾಖಲೆ ಏನಿದೆ ಎಂಬುದೇ ಮೊದಲ ಪ್ರಶ್ನೆ.

ನಾವು ಮಾಡಬಹುದಾದದ್ದು

ಓದುಗರೇ, ಯಾರೂ ಒಡವೆ ಮಾರಬಾರದು ಎಂದು ನಾನು ಹೇಳುತ್ತಿಲ್ಲ. ಕಷ್ಟಕ್ಕೆ ಆಗಲೆಂದೇ ಬಡವರ ಮನೆಯಲ್ಲಿ ಚಿನ್ನವಿರುತ್ತದೆ. ಮಗಳ ಓದಿಗಾಗಿ ಮಾರಿದ ಕಡಾ ಸಾರ್ಥಕವಾದ ಕಡಾ. ಮಾರುವ ಮುನ್ನ ಒಂದು ಗಂಟೆ ಬಿಡುವು ಮಾಡಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.

ಮೊಬೈಲಿನಲ್ಲಿ ಎದುರು, ಹಿಂದು, ಒಳಬದಿ, ತುದಿ ನಾಲ್ಕೂ ಕಡೆಯ ಫೋಟೊ ತೆಗೆಯಿರಿ. ಪಕ್ಕದಲ್ಲಿ ಶಾಲೆಯ ಸ್ಕೇಲು ಇಟ್ಟರೆ ಅಳತೆ ತಿಳಿಯುತ್ತದೆ. ಒಳಬದಿಯಲ್ಲಿ ಏನಾದರೂ ಅಕ್ಷರ, ಮುದ್ರೆ ಇದೆಯೇ ನೋಡಿ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ: ಇದರ ಹೆಸರೇನು, ಯಾರಿಗೆ ಯಾರು ಕೊಟ್ಟದ್ದು, ಯಾವ ಊರಿನ ಪತ್ತಾರರು ಮಾಡಿದ್ದು, ಆಗ ಮನೆಯಲ್ಲಿ ಏನು ನಡೆದಿತ್ತು. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ, ಕನ್ನಡವೋ ದಖ್ಖನಿಯೋ, ಬರೆದುಕೊಳ್ಳಿ. ಕೆಳಗೆ ದಿನಾಂಕ ಹಾಕಿ. ಈ ನೋಟ್‌ಬುಕ್ಕನ್ನು ಮನೆಯಲ್ಲಿಯೇ ಜೋಪಾನವಾಗಿಡಿ. ಯಾರ ಮನೆಯಲ್ಲಿ ಏನಿದೆ ಎಂಬುದನ್ನು ಹೊರಗೆ ಹೇಳುವ, ಫೋನಿನಲ್ಲಿ ಹಂಚುವ ಅಗತ್ಯವಿಲ್ಲ.

ಹಳೆಯ ವಸ್ತುವಾದರೆ ಕಾನೂನನ್ನೂ ತಿಳಿದಿರಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯದಾದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಯಾರಾದರೂ ಹೊರದೇಶದಲ್ಲಿ ಹೆಚ್ಚು ಬೆಲೆ ಬರುತ್ತದೆ, ಕೊಡಿ ಎಂದರೆ ಎಚ್ಚರವಾಗಿರಿ. ಹೊಸ ಒಡವೆ ಕೊಳ್ಳುವಾಗ 2023ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತನ್ನು ಕೇಳಿ ಪಡೆಯಿರಿ. 916 ಎಂದಿದ್ದರೆ 22 ಕ್ಯಾರೆಟ್, ಅಂದರೆ ನೂರಕ್ಕೆ 91.6 ಭಾಗ ಚಿನ್ನ. ಹರಳಿನ ಒಡವೆಯಾದರೆ ರಸೀದಿಯಲ್ಲಿ ಚಿನ್ನದ ತೂಕವನ್ನೂ ಹರಳಿನ ತೂಕವನ್ನೂ ಬೇರೆಬೇರೆ ಬರೆಸಿರಿ. ಇಷ್ಟು ಗೊತ್ತಿದ್ದರೆ ನಾನೂ ಅಮ್ಮನೂ ಅಂದು ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಪ್ರಶ್ನೆ ಕೇಳಿದ ಆ ಹುಡುಗಿಗೆ ನಾನು ತಡವಾಗಿ ಉತ್ತರ ಹೇಳಿದೆ. ಕೆಲವು ಒಡವೆ ವಸ್ತುಸಂಗ್ರಹಾಲಯಗಳಲ್ಲಿವೆ, ಕೆಲವು ಶ್ರೀಮಂತರ ತಿಜೋರಿಯಲ್ಲಿವೆ, ಬಹಳಷ್ಟು ಮೂಸೆಯಲ್ಲಿ ಕರಗಿ ಬೇರೆ ಒಡವೆಗಳಾಗಿವೆ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಮ್ಮ ಅಮ್ಮಿಯ ಬಳೆಯಲ್ಲಿಯೂ ಆ ಚಿನ್ನ ಸ್ವಲ್ಪ ಇರಬಹುದಲ್ಲ ಟೀಚರ್?" ಎಂದಳು. ಇರಬಹುದು ಎಂದೆ. ಮರುದಿನ ಅವಳು ಎರಡು ಪುಟ ಬರೆದು ತಂದಳು. ಅವಳ ಅಜ್ಜಿಯ ಬೆಳ್ಳಿಯ ಕಡಗದ ಕಥೆ. ಕೊಟ್ಟವರ ಹೆಸರು, ಮಾಡಿದವರ ಊರು, ಒಂದು ಪೆನ್ಸಿಲ್ ಚಿತ್ರ. ಕಾಗುಣಿತದ ತಪ್ಪುಗಳಿದ್ದವು. ನಾನು ಅವನ್ನು ತಿದ್ದಿ, ಕೆಳಗೆ ದಿನಾಂಕ ಹಾಕಿಸಿ, ಜೋಪಾನವಾಗಿ ಇಡು ಎಂದು ಅವಳ ಕೈಗೇ ಕೊಟ್ಟೆ.

ನಮ್ಮ ಮನೆಯ ಟ್ರಂಕಿನಲ್ಲಿ ಆ ಮಂಕಾದ ಹರಳುಗಳ ಪೊಟ್ಟಣ ಇನ್ನೂ ಇದೆ. ಈ ಸಲ ಅದರ ಜೊತೆ ನಾನೂ ಒಂದು ಚೀಟಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಯ ಚೀಟಿಯನ್ನು ಯಾವಾಗ ಬರೆಯುತ್ತೀರಿ?